ಎರಡು ಹಳದಿ ಮಾತ್ರೆ: ಒಂದು ಪ್ರಕರಣ ಮತ್ತು ಯಲ್ಲಾಪ್ರಗಡ ಸುಬ್ಬರಾವ್ ನೆನಪು

ಜುಲೈ ಎರಡನೇ ವಾರದ ಬುಧವಾರ. ಮಂಗಳೂರಿನಲ್ಲಿ ನಾಲ್ಕು ದಿನದಿಂದ ಮಳೆ ಬಿಟ್ಟಿರಲಿಲ್ಲ. ನಾನು ಕ್ಲಿನಿಕಲ್ ಫಾರ್ಮಸಿಸ್ಟ್ ಆಗಿರುವ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಅಂದು ಮಧ್ಯಾಹ್ನ 61 ವರ್ಷದ ಒಬ್ಬ ಅಮ್ಮ ಬಂದರು. ಉಳ್ಳಾಲದಿಂದ ಇನ್ನೂ ಒಳಗಿನ ಊರು, ಬೀಡಿ ಕಟ್ಟುವ ಕೆಲಸ. ಜೊತೆಯಲ್ಲಿ ಸೊಸೆ ಮತ್ತು ಒಂಬತ್ತನೇ ಕ್ಲಾಸಿನ ಮೊಮ್ಮಗ. ಮೂರು ದಿನದ ಜ್ವರ, ಎದ್ದು ಕೂರಲಾಗದಷ್ಟು ಸುಸ್ತು, ಪ್ಲೇಟ್‌ಲೆಟ್ 58,000.

ನಮ್ಮ ಕಡೆ ಮಳೆಗಾಲದಲ್ಲಿ ಜ್ವರದ ಜೊತೆ ಪ್ಲೇಟ್‌ಲೆಟ್ ಇಳಿದರೆ ಯಾರಿಗಾದರೂ ಮೊದಲು ನೆನಪಾಗುವುದು ಡೆಂಗಿ, ಆಮೇಲೆ ಮಲೇರಿಯಾ, ಆಮೇಲೆ ಇಲಿಜ್ವರ. ಊರಿನ ಕ್ಲಿನಿಕ್ಕಿನಲ್ಲಿ ಮೂರನ್ನೂ ಯೋಚಿಸಿದ್ದರು. ಮಲೇರಿಯಾ ಸ್ಮಿಯರ್ ನೆಗೆಟಿವ್, ಡೆಂಗಿ ಕಾರ್ಡ್ ಟೆಸ್ಟ್ ನೆಗೆಟಿವ್. ಇಲಿಜ್ವರ ಇದ್ದರೂ ಇರಬಹುದೆಂದು ಡಾಕ್ಸಿಸೈಕ್ಲಿನ್ ಶುರು ಮಾಡಿ, ಪ್ಲೇಟ್‌ಲೆಟ್ ಇಳಿಯುತ್ತಾ ಇದೆ, ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ ಎಂದು ಚೀಟಿ ಬರೆದಿದ್ದರು. ಮನೆಯವರು ಎರಡು ಹೊತ್ತು ಪಪ್ಪಾಯಿ ಎಲೆಯ ರಸ ಕುಡಿಸಿದ್ದೂ ಆಗಿತ್ತು. ಈ ಪ್ರಕರಣದಲ್ಲಿ ಯಾರೂ ಉದಾಸೀನ ಮಾಡಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದವರು ಒಬ್ಬರ ಮೇಲೆ ಬೆರಳು ತೋರಿಸಲು ಹೊರಡುತ್ತಾರೆ.

ನನ್ನ ಕಣ್ಣು ಹೋದದ್ದು ಮಂಚದ ಪಕ್ಕದ ಊಟದ ತಟ್ಟೆಗೆ. ಕುಚ್ಚಲಕ್ಕಿ ಗಂಜಿ ಮುಟ್ಟದೆ ಹಾಗೇ ಆರಿ, ಮೇಲೆ ಕೆನೆ ಕಟ್ಟಿತ್ತು.

"ಊಟ ಯಾಕೆ ಬಿಟ್ಟಿದ್ದೀರಿ ಅಮ್ಮ?"

"ಎಂತ ಹಾಕಿದ್ರೂ ಬಾಯಿ ಉರಿ ಮೇಡಂ. ಗಂಜಿ ತಿಳಿ ಕೂಡ ಇಳಿಯುವುದಿಲ್ಲ."

ಬಾಯಿ ತೆರೆಸಿ ಟಾರ್ಚ್ ಹಿಡಿದೆ. ತುಟಿಯ ಒಳಬದಿ, ನಾಲಿಗೆಯ ಅಂಚು, ಕೆನ್ನೆಯ ಒಳಗೆ, ಎಲ್ಲ ಕಡೆ ಬಿಳಿ ಪೊರೆ ಕಟ್ಟಿದ ಹುಣ್ಣು. ಜ್ವರಕ್ಕಿಂತ ಎರಡು ದಿನ ಮೊದಲೇ ಬಾಯಿ ಹುಣ್ಣು ಶುರುವಾಗಿತ್ತಂತೆ. ಡೆಂಗಿಯಲ್ಲಿ ಬಾಯಿ ಹೀಗೆ ಸುಲಿದು ಹೋಗುವುದಿಲ್ಲ. ಅಷ್ಟರಲ್ಲಿ ನಮ್ಮ ಲ್ಯಾಬಿನ ವರದಿ ಬಂತು. ಬಿಳಿ ರಕ್ತಕಣ 1,300 ಮಾತ್ರ. ಹಿಮೋಗ್ಲೋಬಿನ್ ಕೂಡ ಕಡಿಮೆ. ಪ್ಲೇಟ್‌ಲೆಟ್ ಒಂದೇ ಅಲ್ಲ, ಮೂರೂ ಬಗೆಯ ಕಣ ಒಟ್ಟಿಗೆ ಬಿದ್ದಿದ್ದವು. ಅಂದರೆ ರಕ್ತ ಹುಟ್ಟುವ ಜಾಗದಲ್ಲೇ, ಎಲುಬಿನ ಮಜ್ಜೆಯಲ್ಲೇ ಏನೋ ತಡೆ ಬಿದ್ದಿದೆ. ಹೊದಿಕೆಯ ಮೇಲಿದ್ದ ಅವರ ಕೈ ನೋಡಿದೆ. ಬೆರಳ ಬುಡದ ಗಂಟುಗಳು ಊದಿದ್ದವು.

"ಗಂಟು ನೋವಿಗೆ ಮದ್ದು ತಕ್ಕೊಳ್ತಾ ಇದ್ದೀರಾ ಅಮ್ಮ?"

"ಹೌದು, ಮೂರು ತಿಂಗಳಾಯ್ತು. ಒಂದು ಮಾತ್ರೆ ಆದಿತ್ಯವಾರ ಮಾತ್ರ. ಇನ್ನೊಂದು ದಿನಾ, ಆದಿತ್ಯವಾರ ಬಿಟ್ಟು."

"ಹೆಚ್ಚು ಕಡಿಮೆ ಆಗ್ಲಿಲ್ಲ ಅಲ್ವಾ?"

ಅವರಿಗೆ ಬೇಸರವಾಯಿತು. "ಹನ್ನೆರಡನೇ ವಯಸ್ಸಿಂದ ಬೀಡಿ ಲೆಕ್ಕ ಮಾಡಿದವಳು ನಾನು. ಸಾವಿರದಲ್ಲಿ ಒಂದು ಕಡಿಮೆ ಇದ್ರೆ ಬ್ರಾಂಚಿಗೆ ಹೋಗುವ ಮೊದಲೇ ನನಗೆ ಗೊತ್ತಾಗ್ತದೆ. ಮಾತ್ರೆ ಲೆಕ್ಕ ತಪ್ಪುತ್ತದಾ?"

ಲೆಕ್ಕ ತಪ್ಪಿರಲಿಲ್ಲ, ನಿಜ. ಮೊಮ್ಮಗನನ್ನು ಬಸ್ಸು ಹತ್ತಿಸಿ ಮನೆಗೆ ಕಳಿಸಿದೆವು. ಸಂಜೆ ಏಳಕ್ಕೆ ಅವನು ಒದ್ದೆ ಕೊಡೆಯ ಜೊತೆ ಹಳೆಯ ಬಿಸ್ಕಿಟ್ ಡಬ್ಬಿ ತಂದ. ಒಳಗೆ ಎರಡು ಕಾಗದದ ಕವರ್. ಒಂದರ ಮೇಲೆ "ದಿನಕ್ಕೆ 1", ಇನ್ನೊಂದರ ಮೇಲೆ "ವಾರಕ್ಕೆ 1". ಮದ್ದಿನ ಹೆಸರು ಎರಡರಲ್ಲೂ ಇಲ್ಲ. ದಿನಕ್ಕೆ ಒಂದು ಎಂದು ಬರೆದ ಕವರಿನಿಂದ ಹತ್ತು ಮಾತ್ರೆಯ ಸ್ಟ್ರಿಪ್ ಹೊರಬಂತು. ಎಂಟು ಗೂಡು ಖಾಲಿ. ಹಿಂಬದಿಯ ಬೆಳ್ಳಿ ಹಾಳೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ: ಮೆಥೊಟ್ರೆಕ್ಸೇಟ್ 7.5 ಮಿಲಿಗ್ರಾಂ. ವಾರಕ್ಕೊಮ್ಮೆ ಮಾತ್ರ ನುಂಗಬೇಕಾದ ಸಂಧಿವಾತದ ಮದ್ದು. ವಾರಕ್ಕೊಂದು ಎಂದು ಬರೆದ ಕವರಿನಲ್ಲಿ ದೊಡ್ಡ ಸ್ಟ್ರಿಪ್ಪಿನಿಂದ ಕತ್ತರಿಸಿದ ತುಂಡು, ಒಂದೇ ಗೂಡು ಖಾಲಿ. ಹೆಸರಿದ್ದ ತುದಿ ಕತ್ತರಿಗೆ ಸಿಕ್ಕಿ ಹೋಗಿತ್ತು. ಅದು ಫೋಲಿಕ್ ಆಸಿಡ್, ಮೆಥೊಟ್ರೆಕ್ಸೇಟಿನ ಜೊತೆಗಿರಬೇಕಾದ ವಿಟಮಿನ್.

ಎರಡರಿಂದಲೂ ಒಂದೊಂದು ಒತ್ತಿ ತೆಗೆದು ಅಂಗೈಯಲ್ಲಿಟ್ಟು ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ. ಸಣ್ಣ, ದುಂಡಗಿನ, ಹಳದಿ ಮಾತ್ರೆಗಳು. ಒಂದರ ಹಳದಿ ಚೂರು ತೆಳು, ಹಲಸಿನ ತೊಳೆಯ ಹಾಗೆ. ಇನ್ನೊಂದು ಚೂರು ಗಾಢ. ಕೈ ಮಗುಚಿ ಮತ್ತೆ ತೆರೆದರೆ ಯಾವುದು ಯಾವುದೆಂದು ದಿನವೂ ಇದನ್ನೇ ನೋಡುವ ನನಗೂ ಒಂದು ಕ್ಷಣ ಬೇಕಾಯಿತು.

ನಡೆದದ್ದು ಇಷ್ಟು. ಮೊದಲ ಮೂರು ತಿಂಗಳು ಮೆಡಿಕಲ್‌ನವರು ವಾರದ ಮಾತ್ರೆಯನ್ನು ನಾಲ್ಕೇ ಕತ್ತರಿಸಿ ಕೊಡುತ್ತಿದ್ದರು. ಈ ಸಲ ಮಳೆಯಲ್ಲಿ ಮತ್ತೆ ಬರುವುದು ಬೇಡವೆಂದು ಇಡೀ ಸ್ಟ್ರಿಪ್ ಕೊಟ್ಟರು, ಫೋಲಿಕ್ ಆಸಿಡ್ಡನ್ನು ಕತ್ತರಿಸಿ ಕೊಟ್ಟರು. ಬಸ್‌ಸ್ಟ್ಯಾಂಡಿನಿಂದ ಮನೆಗೆ ಹೋಗುವಾಗ ಚೀಲ ನೆನೆದು ಕವರ್ ಹರಿಯಿತು. ಸೊಸೆ ಒಣ ಕವರ್ ಮಾಡಿ, ಹಳೆಯದರ ಮೇಲೆ ಇದ್ದುದನ್ನೇ ನೋಡಿ ಬರೆದಳು. ಯಾವುದು ಯಾವುದರೊಳಗೆ ಎಂಬುದನ್ನು ನೆನಪಿನಿಂದ ಊಹಿಸಿದಳು: ಸಣ್ಣ ತುಂಡು ವಾರದ್ದು. ಮೂರು ತಿಂಗಳು ಹಾಗೇ ಇತ್ತಲ್ಲ! ಅವಳ ತರ್ಕದಲ್ಲಿ ತಪ್ಪು ಎಲ್ಲಿದೆ? ಒಂಬತ್ತು ದಿನದಲ್ಲಿ ಅತ್ತೆ ಎಂಟು ಮೆಥೊಟ್ರೆಕ್ಸೇಟ್ ನುಂಗಿದ್ದರು, 60 ಮಿಲಿಗ್ರಾಂ. ಎರಡು ತಿಂಗಳಿಗೆ ಆಗಬೇಕಾದದ್ದು. ಗಂಟು ನೋವಿಗೆ ತಾವೇ ತೆಗೆದುಕೊಳ್ಳುತ್ತಿದ್ದ ನೋವಿನ ಮಾತ್ರೆ, ಊಟ ನೀರು ಬಿಟ್ಟು ಬಳಲಿದ್ದ ಮೂತ್ರಪಿಂಡ, ಇವೆರಡೂ ಸೇರಿ ಮದ್ದು ದೇಹದಿಂದ ಹೊರಗೆ ಹೋಗುವುದು ಇನ್ನೂ ನಿಧಾನವಾಗಿತ್ತು.

ಸೊಸೆಗೆ ವಿಷಯ ಹೇಳಿದಾಗ ಅವಳು ಗೋಡೆಗೆ ಒರಗಿ ಕೂತಳು. "ನನ್ನ ಕೈಯಾರೆ ಆಯ್ತಾ ಮೇಡಂ?" ಎಂದಳು. ಇಲ್ಲ ಎಂದೆ. ಕವರಿನ ಮೇಲೆ ಮದ್ದಿನ ಹೆಸರಿಲ್ಲದಿದ್ದರೆ ಓದು ಬಂದವರೂ ಕುರುಡರೇ.

ಬಾಗಿಲು ಮುಚ್ಚುವ ಮದ್ದು, ಸುತ್ತಿ ಬರುವ ಮದ್ದು

ಇಂಥ ಸಂದರ್ಭದಲ್ಲಿ ಹೊಸ ಹೌಸ್ ಸರ್ಜನ್‌ಗಳು ಮಾಡುವ ಒಂದು ತಪ್ಪು ಇದೆ. ಮೆಥೊಟ್ರೆಕ್ಸೇಟ್ ಫೋಲಿಕ್ ಆಸಿಡ್‌ಗೆ ಎದುರಾಳಿ, ಹಾಗಾದರೆ ಫೋಲಿಕ್ ಆಸಿಡ್ ಜಾಸ್ತಿ ಕೊಟ್ಟರಾಯಿತಲ್ಲ ಎಂದು ಯೋಚಿಸುವುದು. ಅದರಿಂದ ಪ್ರಯೋಜನ ಇಲ್ಲ. ನಾವು ತಿನ್ನುವ ಫೋಲಿಕ್ ಆಸಿಡ್ ಇದ್ದ ಹಾಗೇ ಕೆಲಸಕ್ಕೆ ಬರುವುದಿಲ್ಲ. ಡೈಹೈಡ್ರೊಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವ ಅದನ್ನು ಹದ ಮಾಡಿ ಕೊಡಬೇಕು. ಆಮೇಲೆ ಮಾತ್ರ ಅದು ಡಿಎನ್‌ಎ ಕಟ್ಟುವ ಕೆಲಸಕ್ಕೆ ಒದಗುತ್ತದೆ. ಮೆಥೊಟ್ರೆಕ್ಸೇಟ್ ಆ ಕಿಣ್ವದ ಕೈಗೆ ಫೋಲಿಕ್ ಆಸಿಡ್ಡಿನ ರೂಪದಲ್ಲೇ ಬಂದು ಕೂತು ಏಳುವುದಿಲ್ಲ. ಅಸಲಿ ಫೋಲಿಕ್ ಆಸಿಡ್ ಸಾಲಿನಲ್ಲಿ ನಿಂತೇ ಇರಬೇಕು. ದಿನವೂ ಹೊಸ ಕೋಶ ಹುಟ್ಟಬೇಕಾದ ಜಾಗಗಳು ಮೊದಲು ಬರಗೆಡುತ್ತವೆ: ಬಾಯಿಯ ಒಳಪೊರೆ, ಕರುಳಿನ ಒಳಪೊರೆ, ಮಜ್ಜೆ. ಬಾಯಿ ಹುಣ್ಣು ಮೊದಲು ಬಂದದ್ದು ಇದಕ್ಕೇ.

ಬೇಕಾದದ್ದು ಫೋಲಿನಿಕ್ ಆಸಿಡ್, ವಾರ್ಡಿನ ಮಾತಿನಲ್ಲಿ ಲ್ಯೂಕೊವೊರಿನ್. ಅದು ಆಗಲೇ ಹದವಾಗಿ ಬಂದ ರೂಪ, ಆ ಕಿಣ್ವದ ಹಂಗಿಲ್ಲದೆ ಒಳಗೆ ಹೋಗುತ್ತದೆ. ಅಂದು ರಾತ್ರಿಯೇ 15 ಮಿಲಿಗ್ರಾಂ ಆರು ಗಂಟೆಗೊಮ್ಮೆ ನರಕ್ಕೆ ಶುರುವಾಯಿತು. ಜೊತೆಗೆ ಡ್ರಿಪ್, ಆಂಟಿಬಯೋಟಿಕ್, ಬಿಳಿಕಣ ಏರಿಸುವ ಚುಚ್ಚುಮದ್ದು, ಬಾಯಿಗೆ ಆರೈಕೆ, ಪ್ರತ್ಯೇಕ ಕೋಣೆ. ಐದು ದಿನ ರಿಪೋರ್ಟು ಏರಲೇ ಇಲ್ಲ. ಆರನೇ ದಿನ ಬಿಳಿಕಣ 1,900. ಎಂಟನೇ ದಿನ ಬೆಳಿಗ್ಗೆ ನಾನು ಹೋದಾಗ ಅವರು ಗಂಜಿ ಉಣ್ಣುತ್ತಿದ್ದರು, ಉಪ್ಪಿನಕಾಯಿ ಬೇಕು ಎಂದು ಸೊಸೆಯ ಹತ್ತಿರ ಜಗಳ ಮಾಡುತ್ತಿದ್ದರು. ಹದಿಮೂರನೇ ದಿನ ಮನೆಗೆ ಹೋದರು.

ಆ ಮನೆಯ ಯಜಮಾನ

ಆಗಸ್ಟ್ ಎರಡನೇ ವಾರ ನಾನು ಈ ಪ್ರಕರಣವನ್ನು ವಿದ್ಯಾರ್ಥಿಗಳ ಮುಂದೆ ಇಟ್ಟೆ. ಒಂದು ಸ್ಲೈಡಿನಲ್ಲಿ ಎರಡು ಅಣುಗಳ ಚಿತ್ರ ಅಕ್ಕಪಕ್ಕ. ವ್ಯತ್ಯಾಸ ಇಷ್ಟೇ: ಒಂದು ಕಡೆ ಆಮ್ಲಜನಕ ಇದ್ದಲ್ಲಿ ಅಮೈನೊ ಗುಂಪು, ಇನ್ನೊಂದು ಕಡೆ ಹೆಚ್ಚುವರಿ ಒಂದು ಮೀಥೈಲ್. ಎರಡೂ ಹಳದಿಯಾಗಿರುವುದೂ ಆಕಸ್ಮಿಕ ಅಲ್ಲ. ಎರಡರಲ್ಲೂ ಇರುವ ಟೆರಿಡೀನ್ ಉಂಗುರದ ಬಣ್ಣ ಅದು, ಚಿಟ್ಟೆಯ ರೆಕ್ಕೆಯಲ್ಲಿ ಮೊದಲು ಕಂಡ ಬಣ್ಣದ ಕುಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಎರಡೂ ಒಂದೇ ಮನೆಯವು ಅಂದ ಹಾಗಾಯ್ತಲ್ಲ ಮೇಡಂ?"

ಒಂದೇ ಮನೆ. ಆ ಮನೆಯ ಯಜಮಾನ ಯಲ್ಲಾಪ್ರಗಡ ಸುಬ್ಬರಾವ್ ಎಂಬ ಜೀವರಸಾಯನ ವಿಜ್ಞಾನಿ. ತರಗತಿಯಲ್ಲಿ ನಲವತ್ತು ಜನ ಇದ್ದರು, ಹೆಸರು ಕೇಳಿದವರು ಮೂವರು. ಆ ಮೂವರಿಗೂ ಗೊತ್ತಿದ್ದದ್ದು ಪ್ರಾಕ್ಟಿಕಲ್ ಪುಸ್ತಕದ "ಫಿಸ್ಕ್-ಸುಬ್ಬರೋ ವಿಧಾನ". ಅದು ಒಬ್ಬನೇ ವಿದೇಶಿಯ ಹೆಸರೆಂದು ಅವರು ತಿಳಿದಿದ್ದರು. ನಾನು ಓದುವಾಗಲೂ ಹಾಗೇ ತಿಳಿದಿದ್ದೆ. ಸುಬ್ಬರಾವ್ ತೀರಿಕೊಂಡದ್ದು 1948ರ ಆಗಸ್ಟ್ ಎರಡನೇ ವಾರದಲ್ಲೇ. ಅಂದು ಉಳಿದ ಸ್ಲೈಡುಗಳನ್ನು ಬಿಟ್ಟು ಅವರ ಕಥೆ ಹೇಳಿದೆ.

ಹುಟ್ಟಿದ್ದು 1895ರ ಜನವರಿ 12, ಆಂಧ್ರದ ಭೀಮಾವರಂನಲ್ಲಿ. ಮೆಟ್ರಿಕ್ ಪಾಸಾದದ್ದು ಮೂರನೇ ಪ್ರಯತ್ನದಲ್ಲಿ. ತಾಯಿ ಒಡವೆ ಮಾರಿ ಓದಿಸಿದರು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿದ್ದಾಗ ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿಯ ಗೌನು ತೊಟ್ಟು ಆಪರೇಶನ್ ಥಿಯೇಟರಿಗೆ ಹೋದರು. ಸರ್ಜರಿಯ ಪ್ರೊಫೆಸರ್ ಬ್ರಾಡ್‌ಫೀಲ್ಡ್‌ಗೆ ಅದು ಹಿಡಿಸಲಿಲ್ಲ. ಕೊನೆಗೆ ಕೈಗೆ ಬಂದದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್. ಸರ್ಕಾರಿ ಕೆಲಸದ ದಾರಿ ಹೀಗೆ ಮುಚ್ಚಿತು. ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಶರೀರ ರಚನಾಶಾಸ್ತ್ರ ಕಲಿಸಿದರು.

ಅವರ ಬದುಕಿನಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸುವ ಘಟನೆ ಇದಕ್ಕೂ ಹಿಂದಿನದು. ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕಾಯಿಲೆಯಿಂದ ಹೋದರು. ಉಷ್ಣವಲಯದ ಈ ಕಾಯಿಲೆಯಲ್ಲಿ ನಿಲ್ಲದ ಭೇದಿ, ತಿಂದದ್ದು ಮೈಗೆ ಹಿಡಿಯದಿರುವುದು, ನಾಲಿಗೆ ಮತ್ತು ಬಾಯಿ ಹುಣ್ಣಾಗುವುದು, ರಕ್ತ ಬತ್ತುವುದು. ಸುಬ್ಬರಾವ್‌ಗೂ ಅದು ಬಂತು. ಅವರನ್ನು ಉಳಿಸಿದ್ದು ಆಚಂಟ ಲಕ್ಷ್ಮೀಪತಿ ಎಂಬ ವೈದ್ಯರ ಆಯುರ್ವೇದ ಚಿಕಿತ್ಸೆ. ಆ ಹೊತ್ತಿಗೆ ಸ್ಪ್ರೂ ಯಾಕೆ ಬರುತ್ತದೆ, ಏನು ಕೊಡಬೇಕು ಎಂದು ಯಾರಿಗೂ ತಿಳಿದಿರಲಿಲ್ಲ.

1923ರ ಅಕ್ಟೋಬರ್‌ನಲ್ಲಿ ಬಾಸ್ಟನ್ ತಲುಪಿದರು. ಹಾರ್ವರ್ಡಿನ ಉಷ್ಣವಲಯ ವೈದ್ಯಶಾಲೆಯಲ್ಲಿ ಸೀಟು ಇತ್ತು, ವಿದ್ಯಾರ್ಥಿವೇತನ ಇರಲಿಲ್ಲ. ಮಾವನವರೂ ಕಾಕಿನಾಡದ ಒಂದು ಧರ್ಮದತ್ತಿಯೂ ಪ್ರಯಾಣಕ್ಕೆ ನೆರವಾಗಿದ್ದರು. ಹೊಟ್ಟೆಪಾಡಿಗೆ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಆಳಾಗಿ ದುಡಿದರು. ವೈದ್ಯನಾದವನು ರಾತ್ರಿಯಿಡೀ ರೋಗಿಗಳ ಬೆಡ್‌ಪ್ಯಾನ್ ಎತ್ತಿ, ಬೆಳಿಗ್ಗೆ ತರಗತಿಯಲ್ಲಿ ಕೂರುವುದು. ಕೆಲವು ವರ್ಷಗಳಲ್ಲಿ ಬರುತ್ತೇನೆ ಎಂದು ಪತ್ನಿ ಶೇಷಗಿರಿಯವರಿಗೆ ಹೇಳಿ ಹೋದವರು ಮತ್ತೆ ಬರಲಿಲ್ಲ. ಇದನ್ನು ತ್ಯಾಗ ಎಂಬ ಒಂದು ಮಾತಿನಲ್ಲಿ ಹೇಳಿ ಮುಗಿಸುವವರಿದ್ದಾರೆ. ನನಗೆ ಹಾಗೆ ಮುಗಿಸಲು ಮನಸ್ಸು ಬರುವುದಿಲ್ಲ. ಆ ಮನೆಯಲ್ಲಿ ಕಾದವರು ಒಬ್ಬರಿದ್ದರು.

ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕ್ ಜೊತೆ ಮಾಡಿದ ಮೊದಲ ಕೆಲಸವೇ ಪ್ರಾಕ್ಟಿಕಲ್ ಪುಸ್ತಕ ಸೇರಿದ್ದು, 1925ರಲ್ಲಿ. ರಕ್ತದಲ್ಲಿ, ಮೂತ್ರದಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವ ವಿಧಾನ. ಪ್ರೋಟೀನ್ ತೆಗೆದ ತಿಳಿಗೆ ಮೊಲಿಬ್ಡೇಟ್ ಹಾಕಿ, ಆಮೇಲೆ ಅಪಕರ್ಷಕ ದ್ರಾವಣ ಹನಿಸಿದರೆ ಪ್ರನಾಳದಲ್ಲಿ ನಿಧಾನವಾಗಿ ನೀಲಿ ಮೂಡುತ್ತದೆ. ರಂಜಕ ಹೆಚ್ಚಿದಷ್ಟೂ ನೀಲಿ ಗಾಢ. ನಾನು ಮೊದಲ ವರ್ಷದಲ್ಲಿ ಈ ನೀಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದೆ. ಮಳೆ ನಿಂತ ಮೇಲಿನ ಆಕಾಶದ ಬಣ್ಣ. ಈ ಅಳತೆ ಕೈಗೆ ಬಂದದ್ದರಿಂದಲೇ ಅವರಿಗೆ ಸ್ನಾಯುವಿನೊಳಗೆ ಬೇರೆಯವರಿಗೆ ಕಾಣದ್ದು ಕಂಡಿತು. 1927ರಲ್ಲಿ ಫಾಸ್ಫೊಕ್ರಿಯಾಟಿನ್, 1929ರಲ್ಲಿ ಎಟಿಪಿ, ಎರಡೂ ಕೋಶಕ್ಕೆ ಶಕ್ತಿ ಒದಗಿಸುವ ವಸ್ತುಗಳು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಪ್ರತ್ಯೇಕವಾಗಿ ಎಟಿಪಿ ಕಂಡುಕೊಂಡರು. ಲ್ಯಾಕ್ಟಿಕ್ ಆಮ್ಲವೇ ಸ್ನಾಯುವಿನ ಶಕ್ತಿಯ ಮೂಲ ಎಂಬ ಅದುವರೆಗಿನ ನಂಬಿಕೆ ಅಲ್ಲಾಡಿತು. 1930ರಲ್ಲಿ ಪಿಎಚ್‌.ಡಿ. ಬಂತು. ಆದರೆ ಹಾರ್ವರ್ಡ್ ಖಾಯಂ ಹುದ್ದೆ ಕೊಡಲಿಲ್ಲ.

1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಪ್ರಯೋಗಾಲಯ ಸೇರಿ, ಬೇಗನೆ ಅಲ್ಲಿನ ಸಂಶೋಧನಾ ನಿರ್ದೇಶಕರಾದರು. ಉಳಿದದ್ದು ಎಂಟೇ ವರ್ಷ. ಆ ಎಂಟು ವರ್ಷಗಳನ್ನು ಹೇಳುವಾಗ ನನ್ನ ಸ್ವರ ಏರಿತು ಎಂದು ವಿದ್ಯಾರ್ಥಿಗಳು ಆಮೇಲೆ ಹೇಳಿದರು.

ಫೋಲಿಕ್ ಆಸಿಡ್ಡಿನ ಕಥೆ ಶುರುವಾಗುವುದು ನಮ್ಮ ದೇಶದಲ್ಲೇ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬೈಗೆ ಬಂದು ಬಡ ಬಸುರಿಯರ ರಕ್ತಹೀನತೆ ನೋಡಿದರು. ಯೀಸ್ಟಿನ ಸಾರ ಕೊಟ್ಟರೆ ಅದು ವಾಸಿಯಾಗುತ್ತದೆ ಎಂದು 1931ರಲ್ಲಿ ತೋರಿಸಿದರು. ಆ ಸಾರದಲ್ಲಿ ಏನಿದೆ ಎಂಬುದು ಗೊತ್ತಿರಲಿಲ್ಲ. 1941ರಲ್ಲಿ ಅಮೆರಿಕದ ಇನ್ನೊಂದು ತಂಡ ನಾಲ್ಕು ಟನ್ ಪಾಲಕ್ ಸೊಪ್ಪು ಸಂಸ್ಕರಿಸಿ ಅದೇ ಕುಲದ ವಸ್ತು ತೆಗೆದು, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಎಂದು ಹೆಸರಿಟ್ಟಿತು. ಬಸಳೆ, ಹರಿವೆ ಬೇಯಿಸುವ ನಮ್ಮ ಅಡುಗೆಮನೆಗೆ ಅದು ಹೊಸತೇನಲ್ಲ. ಆದರೆ ಸೊಪ್ಪಿನಿಂದ ತೆಗೆಯುತ್ತಾ ಕೂತರೆ ಒಂದು ವಾರ್ಡಿಗೂ ಸಾಲದು. ಅದರ ರಚನೆ ತಿಳಿದು, ಪ್ರಯೋಗಾಲಯದಲ್ಲಿ ಕಟ್ಟಿ, ಬೇಕಾದಷ್ಟು ತಯಾರಿಸಿದ್ದು ಸುಬ್ಬರಾವ್ ಅವರ ತಂಡ, 1945ರಲ್ಲಿ. ಬೇಗನೆ ವೈದ್ಯರು ಅದನ್ನು ಸ್ಪ್ರೂ ರೋಗಿಗಳಿಗೆ ಕೊಟ್ಟು ನೋಡಿದರು. ರಕ್ತ ತುಂಬಿತು, ನಾಲಿಗೆ ವಾಸಿಯಾಯಿತು. ಸೋದರರು ತೀರಿ ಕಾಲು ಶತಮಾನ ಕಳೆದಿತ್ತು.

ಇಲ್ಲಿ ಮತ್ತೊಬ್ಬರು ಬರುತ್ತಾರೆ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್. ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಫೋಲಿಕ್ ಆಸಿಡ್ ಕುಲದ ವಸ್ತು ಕೊಟ್ಟಾಗ ಕಾಯಿಲೆ ಇನ್ನೂ ಜೋರಾದಂತೆ ಕಂಡಿತು. ಹಾಗಾದರೆ ಅದನ್ನು ತಡೆದರೆ? ತಡೆಯುವ ಅಣು ಬೇಕೆಂದು ಫಾರ್ಬರ್ ಕೇಳಿದರು, ಸುಬ್ಬರಾವ್ ಕೊಟ್ಟರು. ಡೋರಿಸ್ ಸೀಗರ್ ಮತ್ತು ಸಂಗಡಿಗರು ತಯಾರಿಸಿದ ಅಮಿನೊಪ್ಟೆರಿನ್ ಅದು. 1948ರ ಜೂನ್‌ನಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಲ್ಲಿ 16 ಮಕ್ಕಳು, ಅವರಲ್ಲಿ 10 ಮಕ್ಕಳ ಕಾಯಿಲೆ ಸ್ವಲ್ಪ ಕಾಲವಾದರೂ ಹಿಂದೆ ಸರಿಯಿತು. ಅದುವರೆಗೆ ಆ ಕಾಯಿಲೆಗೆ ಹೀಗೆ ಆದದ್ದೇ ಇರಲಿಲ್ಲ. ಅಮಿನೊಪ್ಟೆರಿನ್‌ನ ತಂಗಿಯೇ ಮೆಥೊಟ್ರೆಕ್ಸೇಟ್. ಕ್ಯಾನ್ಸರಿಗೆ ದೊಡ್ಡ ಪ್ರಮಾಣದಲ್ಲಿ ಕೊಡುವ ಅದೇ ಮದ್ದು ಬಹಳ ಕಡಿಮೆ ಪ್ರಮಾಣದಲ್ಲಿ, ವಾರಕ್ಕೊಮ್ಮೆ, ಸಂಧಿವಾತಕ್ಕೂ ಆಗುತ್ತದೆ ಎಂಬುದು ಆಮೇಲೆ ತಿಳಿದ ವಿಷಯ. ಅಮೆರಿಕದ ನಿಯಂತ್ರಣ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟದ್ದು 1988ರಲ್ಲಿ.

ವರದಿ ಬಂದ ಎರಡು ತಿಂಗಳಿಗೆ ಸುಬ್ಬರಾವ್ ನಿದ್ದೆಯಲ್ಲೇ ಹೃದಯಾಘಾತದಿಂದ ಹೋದರು. ವಯಸ್ಸು 53.

ಅದೇ ವರ್ಷ ಅವರ ಪ್ರಯೋಗಾಲಯದ ಬೆಂಜಮಿನ್ ಡಗ್ಗರ್ ಮಣ್ಣಿನ ಸೂಕ್ಷ್ಮಜೀವಿಯಿಂದ ತೆಗೆದ ಆರಿಯೋಮೈಸಿನ್ ಕೂಡ ಹೊರಬಂದಿತ್ತು. ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಕುಲದ ಮೊದಲ ಮದ್ದು ಅದು. ಊರಿನ ಕ್ಲಿನಿಕ್ಕಿನಲ್ಲಿ ನಮ್ಮ ಅಮ್ಮನಿಗೆ ಶುರು ಮಾಡಿದ್ದ ಡಾಕ್ಸಿಸೈಕ್ಲಿನ್ ಆ ಕುಲದ್ದೇ. ಚೀಟಿಯನ್ನು ಮತ್ತೆ ತೆಗೆದು ನೋಡಿದಾಗ ನನಗೆ ಮೈ ಜುಮ್ಮೆಂದಿತು. ಅನಾಹುತ ಮಾಡಿದ ಮದ್ದು, ಅದಕ್ಕೆ ಜೊತೆಗಿರಬೇಕಾದ ಮದ್ದು, ಅನುಮಾನದಿಂದ ಕೊಟ್ಟ ಮದ್ದಿನ ಕುಲ. ಮೂರರ ಹಿಂದೆಯೂ ಒಂದೇ ಪ್ರಯೋಗಾಲಯ, ಒಂದೇ ನಿರ್ದೇಶಕ.

ಭಾರತ ಸರ್ಕಾರ 1995ರಲ್ಲಿ, ಅವರ ನೂರನೇ ವರ್ಷಕ್ಕೆ, ಒಂದು ಅಂಚೆಚೀಟಿ ತಂದಿತು. ಒಂದು ಶಿಲೀಂಧ್ರಕ್ಕೆ ಸುಬ್ಬರೋಮೈಸಿಸ್ ಎಂದು ಹೆಸರಿದೆ. ಅವರು ಪತ್ರಿಕೆಯವರ ಮುಂದೆ ನಿಲ್ಲುವವರಾಗಿರಲಿಲ್ಲ, ಸಂಗಡಿಗರನ್ನು ಮುಂದೆ ಬಿಡುತ್ತಿದ್ದರು. ಅದು ಅವರ ಗುಣ. ಆದರೆ ದಿನವೂ ಅವರ ಮದ್ದು ಕೈಯಲ್ಲಿ ಹಿಡಿಯುವ ನಾವು ಹೆಸರು ಮರೆತದ್ದಕ್ಕೆ ಅವರ ಸಂಕೋಚವನ್ನು ಕಾರಣ ಮಾಡಬಾರದು. ಮದ್ದಿನ ಪಾಠ ಮಾಡುವಾಗ ನಾವು ಪ್ರಮಾಣ ಹೇಳುತ್ತೇವೆ, ಅಡ್ಡಪರಿಣಾಮ ಹೇಳುತ್ತೇವೆ, ಅದು ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. ಫೋಲಿಕ್ ಆಸಿಡ್ ಮತ್ತು ಮೆಥೊಟ್ರೆಕ್ಸೇಟ್ ಒಂದೇ ಮನೆಯಲ್ಲಿ ಹುಟ್ಟಿದವು ಎಂದು ತಿಳಿದವರಿಗೆ ಅವುಗಳ ಹೋಲಿಕೆಯ ಅಪಾಯ ಮರೆಯಲು ಸಾಧ್ಯವೇ ಇಲ್ಲ ಎಂದು ನನಗೆ ಅನ್ನಿಸುತ್ತದೆ. ಆ ತರಗತಿಯ ನಲವತ್ತು ಜನರಲ್ಲಿ ಒಬ್ಬರೂ ಇನ್ನು ಫೋಲಿನಿಕ್ ಬದಲು ಫೋಲಿಕ್ ಬರೆಯಲಾರರು ಎಂದೂ ನನ್ನ ನಂಬಿಕೆ.

ರಾತ್ರಿ ಬಂದು ಬೆರಳು ಚುಚ್ಚುತ್ತಿದ್ದವರು

ಒಂದು ವಿಷಯವನ್ನು ಮಾತ್ರ ನಾನು ಪುಸ್ತಕದಿಂದ ತಿಳಿದದ್ದಲ್ಲ. ಆ ಅಮ್ಮ ಇನ್ನೂ ವಾರ್ಡಿನಲ್ಲಿದ್ದಾಗ, ಸ್ವಲ್ಪ ಚೇತರಿಸಿದ ಮೇಲೆ, ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಇತ್ತು ಎಂದು ಕೇಳುತ್ತಿದ್ದೆ. "ನನ್ನ ಅತ್ತೆಗೆ ಆನೆಕಾಲು ಇತ್ತು" ಎಂದರು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಎಡಗಾಲಿಗೆ ಸಂಜೆ ಬಿಸಿನೀರು ಹಾಕಿ ಒರೆಸುವುದು ಇವರದೇ ಕೆಲಸ. ಮಡಿಕೆ ಮಡಿಕೆಯ ನಡುವೆ ನೀರು ನಿಂತರೆ ಹುಣ್ಣಾಗುತ್ತದೆ, ಹಾಗಾಗಿ ಹಳೆಯ ಪಂಚೆಯ ತುದಿಯಿಂದ ಒಂದೊಂದೇ ಮಡಿಕೆ ಬಿಡಿಸಿ ಒರೆಸಬೇಕಿತ್ತಂತೆ. "ರಾತ್ರಿ ಹತ್ತು ಗಂಟೆಯ ಮೇಲೆ ಆರೋಗ್ಯ ಇಲಾಖೆಯವರು ಬರ್ತಿದ್ರು ಮೇಡಂ, ಟಾರ್ಚ್ ಹಿಡ್ಕೊಂಡು. ಮಲಗಿದ ಮಕ್ಕಳನ್ನು ಎಬ್ಬಿಸಿ ಬೆರಳು ಚುಚ್ತಿದ್ರು. ಹಗಲು ಬಂದ್ರೆ ಆಗುದಿಲ್ವಾ ಅಂತ ಅತ್ತೆ ಬೈತಿದ್ರು. ಆಮೇಲೆ ಮಾತ್ರೆ ಕೊಡ್ತಿದ್ರು, ತಿಂದ್ರೆ ತಲೆ ತಿರುಗುದು."

ಹಗಲು ಬಂದರೆ ಆಗುವುದಿಲ್ಲ. ಆನೆಕಾಲು ರೋಗದ ಮರಿಹುಳುಗಳು ನಮ್ಮ ಕಡೆ ಹೊರರಕ್ತಕ್ಕೆ ಬರುವುದು ರಾತ್ರಿಯೇ. ಅವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದೂ ರಾತ್ರಿಯೇ. ಕರಾವಳಿಯ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮೂರೂ ಈ ರೋಗ ಬೇರುಬಿಟ್ಟ ಜಿಲ್ಲೆಗಳ ಪಟ್ಟಿಯಲ್ಲಿದ್ದವು. ರಾಷ್ಟ್ರೀಯ ಫೈಲೇರಿಯಾ (ಆನೆಕಾಲು ರೋಗ) ನಿಯಂತ್ರಣ ಕಾರ್ಯಕ್ರಮ 1955ರಲ್ಲಿ ಶುರುವಾಗಿತ್ತು, 2004ರಿಂದ ಇಡೀ ಜನಸಮುದಾಯಕ್ಕೇ ವರ್ಷಕ್ಕೊಮ್ಮೆ ಮಾತ್ರೆ ನುಂಗಿಸುವುದೂ ಶುರುವಾಯಿತು. ತಲೆ ತಿರುಗುತ್ತಿದ್ದುದಕ್ಕೆ ಕಾರಣ, ಮರಿಹುಳುಗಳು ಸಾಯುವಾಗ ದೇಹ ತೋರಿಸುವ ಪ್ರತಿಕ್ರಿಯೆ. ಆ ಮಾತ್ರೆಯ ಹೆಸರು ಡೈಈಥೈಲ್‌ಕಾರ್ಬಮಜೀನ್, ಎಲ್ಲರೂ ಹೇಳುವ ಡಿಇಸಿ. 1947ರಲ್ಲಿ ಹೆಟ್ರಜಾನ್ ಎಂಬ ಹೆಸರಿನಲ್ಲಿ ಅದು ಬಂದದ್ದು ಪರ್ಲ್ ರಿವರ್‌ನ ಅದೇ ಪ್ರಯೋಗಾಲಯದಿಂದ.

ಅತ್ತೆಯ ಕಾಲು ಮೊದಲಿನಂತಾಗಲಿಲ್ಲ, ಒಮ್ಮೆ ಊದಿ ಗಟ್ಟಿಯಾದ ಕಾಲನ್ನು ಡಿಇಸಿ ಹಿಂದಕ್ಕೆ ತರಲಾರದು. ಆದರೆ ಆ ರಾತ್ರಿ ಎಬ್ಬಿಸಿ ಬೆರಳು ಚುಚ್ಚಿಸಿಕೊಂಡ ಮಕ್ಕಳಲ್ಲಿ ಯಾರಿಗೂ ಆನೆಕಾಲು ಬರಲಿಲ್ಲ.

ನಾವು ಬದಲಾಯಿಸಿದ್ದು

ಆಸ್ಪತ್ರೆಯ ಫಾರ್ಮಸಿಯಲ್ಲಿ ಈಗ ಮೆಥೊಟ್ರೆಕ್ಸೇಟ್ ಕೊಡುವಾಗ ಕವರಿನ ಮೇಲೆ "ವಾರಕ್ಕೆ 1" ಎಂದು ಬರೆಯುವುದಿಲ್ಲ. ಮದ್ದಿನ ಹೆಸರು ಕನ್ನಡದಲ್ಲಿ, ಅದರ ಕೆಳಗೆ "ಆದಿತ್ಯವಾರ ಮಾತ್ರ, ಬೇರೆ ದಿನ ಬೇಡ" ಎಂದು ಪೂರ್ತಿ ಬರೆಯುತ್ತೇವೆ. ವಾರ ಎನ್ನುವ ಮಾತನ್ನು ಕೆಲವರು ಏಳು ದಿನದ ಅವಧಿ ಎಂದು ತಿಳಿದು ವಾರವಿಡೀ ತಿನ್ನುವುದೂ ಉಂಟು. ದಿನದ ಹೆಸರು ಹೇಳಿದರೆ ಆ ಗೊಂದಲ ಇಲ್ಲ. ಒಂದು ಸಲಕ್ಕೆ ನಾಲ್ಕು ಮಾತ್ರೆಗಿಂತ ಹೆಚ್ಚು ಕೊಡುವುದಿಲ್ಲ, ಮಳೆ ಇರಲಿ ಬಿಸಿಲಿರಲಿ. ಫೋಲಿಕ್ ಆಸಿಡ್ ಕತ್ತರಿಸುವಾಗ ಹೆಸರಿನ ತುದಿ ರೋಗಿಗೇ ಹೋಗಬೇಕು. ಬಾಯಿ ಹುಣ್ಣಾದರೆ ಅಂದೇ ನಿಲ್ಲಿಸಿ, ಬಂದು ಹೇಳಿ ಎಂಬ ಮಾತನ್ನು ರೋಗಿಯ ಬಾಯಿಂದಲೇ ತಿರುಗಿ ಹೇಳಿಸುತ್ತೇವೆ. ಜ್ವರದ ವಾರ್ಡಿನಲ್ಲಿ ಪ್ಲೇಟ್‌ಲೆಟ್ ಇಳಿದವರ ಕೈಗಂಟು ಮತ್ತು ಬಾಯಿ ನೋಡುವುದನ್ನು ಹೌಸ್ ಸರ್ಜನ್‌ಗಳು ರೂಢಿ ಮಾಡಿಕೊಂಡಿದ್ದಾರೆ.

ಅಮ್ಮ ನವೆಂಬರ್‌ನಲ್ಲಿ ಮತ್ತೆ ಬಂದರು. ರಕ್ತ ಸರಿಯಾಗಿತ್ತು, ಬೆರಳು ಮಾತ್ರ ಮತ್ತೆ ಊದಿ ಬೀಡಿಯ ನೂಲು ಸುತ್ತಲು ಆಗುತ್ತಿರಲಿಲ್ಲ. ಸಂಧಿವಾತದ ವೈದ್ಯರು ಬಹಳ ಯೋಚಿಸಿ, ಮದ್ದಿನ ತಪ್ಪಲ್ಲ, ದಿನದ ತಪ್ಪು ಎಂದು ಹೇಳಿ, ಕಡಿಮೆ ಪ್ರಮಾಣದಿಂದ ಮೆಥೊಟ್ರೆಕ್ಸೇಟನ್ನೇ ಮತ್ತೆ ಬರೆದರು. ನನಗೆ ಅಳುಕಿತ್ತು. ನಾಲ್ಕು ವಾರ ಕಳೆದು ಅವರು ಅದೇ ಬಿಸ್ಕಿಟ್ ಡಬ್ಬಿ ಹಿಡಿದು ಫಾರ್ಮಸಿಯ ಕಿಟಕಿಗೆ ಬಂದರು. ಮುಚ್ಚಳ ತೆಗೆದು ನನ್ನ ಮುಂದೆ ಇಟ್ಟರು.

ಆದಿತ್ಯವಾರದ ಸ್ಟ್ರಿಪ್ಪಿಗೆ ಬೀಡಿ ಕಟ್ಟುವ ಕೆಂಪು ನೂಲು ಸುತ್ತಿ, ಬೀಡಿಗೆ ಹಾಕುವ ಗಂಟೇ ಹಾಕಿದ್ದರು. ಒಂದು ಮಾತ್ರೆ ಬೇಕಾದರೂ ನೂಲು ಬಿಚ್ಚಲೇಬೇಕು.

"ಈಗ ಕಣ್ಣು ಮುಚ್ಚಿದ್ರೂ ಕೈಗೆ ಗೊತ್ತಾಗ್ತದೆ" ಎಂದರು. ಆಮೇಲೆ, "ನೀವು ಹೇಳಿದ್ರಲ್ಲ, ಆ ಸುಬ್ರಾಯರು. ಅವರ ಮಾತ್ರೆ ಇದರಲ್ಲಿ ಯಾವುದು?"

"ಎರಡೂ ಅವರದ್ದೇ ಅಮ್ಮ. ನಿಮ್ಮ ಅತ್ತೆಗೆ ರಾತ್ರಿ ಕೊಡ್ತಿದ್ದದ್ದೂ."

ಅವರು ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದರು. "ಅವರಿಗೆ ಮಕ್ಕಳು ಮರಿ ಎಲ್ಲ ಇದ್ರಾ?" ಎಂದು ಕೇಳಿದರು. ದೂರದ ದೇಶದಲ್ಲಿ ಒಬ್ಬರೇ ಇದ್ದರು ಎಂದೆ. ಅವರು ಹೂಂ ಎಂದು ಕೆಂಪು ನೂಲಿನ ಗಂಟನ್ನು ಇನ್ನೊಮ್ಮೆ ಬಿಗಿ ಮಾಡಿ, ಮುಚ್ಚಳ ಹಾಕಿದರು.